ಕೀಟಭ್ರಮರನ್ಯಾಯದ ಹುಳು

ವೇದಾಂತಗ್ರಂಥಗಳನ್ನೂ ಶಿವಶರಣರ ವಚನಗಳನ್ನೂ ಓದಿದವರಿಗೆ ಕೀಟಭ್ರಮರನ್ಯಾಯವು ಅಪರಿಚಿತವಲ್ಲ. ಭ್ರಮರವು ಹುಳುವೊಂದನ್ನು ಹಿಡಿದು ತಂದು ಗೋಡೆಯ ಗೂಡಿನಲ್ಲಿ ಸೆರೆಯಿಡುತ್ತದೆ. ಹುಳುವು ಭಯದಿಂದ ಅದನ್ನೇ ಎಡೆಬಿಡದೆ ನೆನೆದು ಕಡೆಗೆ ತಾನೂ ಭ್ರಮರವಾಗುತ್ತದೆ. ಭಾಗವತದ ಸಪ್ತಮಸ್ಕಂಧದಲ್ಲಿ, ದ್ವೇಷಿಯಾದ ಶಿಶುಪಾಲನಿಗೆ ಸಾಯುಜ್ಯವು ಹೇಗೆ ಲಭಿಸಿತೆಂದು ಧರ್ಮರಾಯನು ಕೇಳಲು, ನಾರದನು ಈ ದೃಷ್ಟಾಂತವನ್ನು ಕೊಡುತ್ತಾನೆ. ಏಕಾದಶಸ್ಕಂಧದಲ್ಲಿ ಅವಧೂತನು ಯದುರಾಜನಿಗೆ ತನ್ನ ಗುರುಗಳನ್ನು ಎಣಿಸುವಾಗಲೂ ಇದು ಬರುತ್ತದೆ. ವಿವೇಕಚೂಡಾಮಣಿಯಲ್ಲಿಯೂ ಉಂಟು. ವಚನಗಳಲ್ಲಿ ಇದೇ ಕೀಡೆ-ಕುಂಡಲಿಗಗಳ ಉಪಮೆಯಾಗಿದೆ.

ಈ ಭ್ರಮರವು ಯಾವುದು? ಹೂವಿನ ದುಂಬಿಯೆಂದು ಅರ್ಥ ಹೇಳಿ ಮುಂದುವರಿಯುವ ವಾಡಿಕೆಯುಂಟು. ಆದರೆ ಮಕರಂದವನ್ನು ಅರಸುವ ದುಂಬಿಯು ಹುಳುವನ್ನು ಬೇಟೆಯಾಡುವುದಿಲ್ಲ, ಗೋಡೆಗೆ ಮಣ್ಣನ್ನು ಮೆತ್ತುವುದೂ ಇಲ್ಲ. ಭಾಗವತದ ಮಾತು ‘ಪೇಶಸ್ಕೃತ್’ ಎಂದಿದೆಯೇ ಹೊರತು ಭ್ರಮರವೆಂದಲ್ಲ. ಕನ್ನಡದ ‘ಕುಂಡಲಿಗ’ ಎಂಬ ಶಬ್ದವೂ ದುಂಬಿಯನ್ನು ಬಿಟ್ಟು ಬೇರೊಂದು ಹುಳುವಿನ ಕಡೆಗೆ ಕೈತೋರುತ್ತದೆ. ಬಾಗಿಲ ಚೌಕಟ್ಟು, ತೊಲೆಯ ಸಂದು, ಗೋಡೆಯ ಮೂಲೆಗಳಲ್ಲಿ ಮಣ್ಣಿನ ಗೂಡನ್ನು ಕಟ್ಟುವ ಸಣ್ಣ ನಡುವಿನ ಕಣಜವೇ ಇಲ್ಲಿ ವಿವಕ್ಷಿತವೆಂಬುದರಲ್ಲಿ ಸಂಶಯವಿಲ್ಲ.

ಇದರ ನಡೆವಳಿಕೆಯನ್ನು ಈಗ ಚೆನ್ನಾಗಿ ಬಲ್ಲೆವು. ಹೆಣ್ಣು ಕಣಜವು ಎಲೆ ತಿನ್ನುವ ಕಂಬಳಿಹುಳುವನ್ನು ಹಿಡಿದು ಕೊಂಡಿಯಿಂದ ಚುಚ್ಚುತ್ತದೆ. ವಿಷವು ನರಗಳಿಗೆ ತಗುಲಿ ಹುಳುವು ಚಲನೆಗೆಟ್ಟರೂ ಒಡನೆ ಸಾಯುವುದಿಲ್ಲ. ಆದುದರಿಂದ ಕೊಳೆಯುವುದೂ ಇಲ್ಲ. ಕಣಜವು ಗೂಡಿನಲ್ಲಿ ಮೊಟ್ಟೆಯೊಂದನ್ನಿಟ್ಟು, ಇಂತಹ ಹುಳುಗಳನ್ನು ತುಂಬಿ, ಬಾಯಿಯನ್ನು ಮಣ್ಣಿನಿಂದ ಮುಚ್ಚಿ ಹೊರಟುಹೋಗುತ್ತದೆ. ಮೊಟ್ಟೆಯೊಡೆದು ಬಂದ ಮರಿಯು ಆ ಹುಳುಗಳನ್ನು ತಿಂದು ಬೆಳೆದು, ಕೋಶಾವಸ್ಥೆಯನ್ನು ಕಳೆದು, ರೆಕ್ಕೆಯೊಡನೆ ಗೂಡನ್ನು ಕೊರೆದು ಹೊರಬೀಳುತ್ತದೆ. ಫ್ರಾನ್ಸಿನ ಫಾಬ್ರ್ ಎಂಬಾತನು 19ನೆಯ ಶತಮಾನದ ಉತ್ತರಾರ್ಧದಲ್ಲಿ ಇಂತಹ ಗೂಡಿನ ಪಕ್ಕದಲ್ಲಿ ಕಿಂಡಿಯನ್ನು ಕತ್ತರಿಸಿ ಒಳಗನ್ನು ನೋಡಿದನು. ಮೊಟ್ಟೆಯು ಚಾವಣಿಯಿಂದ ನವಿರಾದ ಎಳೆಯೊಂದರಲ್ಲಿ ತೂಗುತ್ತಿತ್ತು. ಕೆಳಗೆ ಇನ್ನೂ ಮಿಸುಕಾಡುವ ಹುಳುಗಳಿಂದ ಅದಕ್ಕೆ ಅಪಾಯವಾಗದಿರಲೆಂದು ಈ ಏರ್ಪಾಡು! ಚುಚ್ಚಿನ ನಿಖರತೆಯನ್ನು ಫಾಬ್ರನು ಅತಿಯಾಗಿ ಕೊಂಡಾಡಿದನೆಂಬುದನ್ನು ಅಮೆರಿಕೆಯ ಪೆಕ್‌ಹ್ಯಾಮ್ ದಂಪತಿಗಳು 1898ರಲ್ಲಿ ತೋರಿಸಿದರು. ಎಷ್ಟೋ ಹುಳುಗಳು ಗೂಡಿನಲ್ಲಿ ಬೇಗನೆ ಸತ್ತಿದ್ದರೂ ಮರಿಯು ಅವನ್ನು ತಿಂದೇ ಬೆಳೆದಿತ್ತು.

ಹೀಗಿರಲು ಪೂರ್ವಿಕರು ಕಂಡುದರಲ್ಲಿ ಸುಳ್ಳೇನೂ ಇಲ್ಲ. ಹುಳುವು ಒಳಹೋದುದು, ಕಣಜವು ಝೇಂಕರಿಸುತ್ತ ಬಾಯಿ ಮುಚ್ಚಿದುದು, ಕೆಲವು ವಾರಗಳಲ್ಲಿ ಕಣಜವೇ ಹೊರಬಂದುದು, ಎಲ್ಲವೂ ದಿಟ. ಕಾಣದೆ ಉಳಿದುದು ಮೊಟ್ಟೆಯೊಂದೇ.

ಚೀನದೇಶದಲ್ಲಿಯೂ ಇದೇ ನೋಟದಿಂದ ಇಂತಹದೇ ನಂಬಿಕೆಯು ಬೆಳೆಯಿತು. ‘ಷಿ ಜಿಂಗ್’ ಎಂಬ ಪ್ರಾಚೀನ ಗೀತಸಂಕಲನದಲ್ಲಿ ಹಸಿರುಹುಳುವಿನ ಮರಿಯನ್ನು ಕಣಜವು ಹೊತ್ತೊಯ್ಯುವ ಮಾತಿದೆ. ಯಾಂಗ್ ಷಿಯೊಂಗ್ (ಕ್ರಿ. ಪೂ. 53 – ಕ್ರಿ. ಶ. 18) ಎಂಬ ವಿದ್ವಾಂಸನು, ಕಣಜವು ‘ನನ್ನಂತಾಗು’ ಎಂದು ಜಪಿಸಲು ಹುಳುವು ಹಾಗೆಯೇ ಆಗುವುದೆಂದು ಬರೆದು, ಗುರುಶಿಷ್ಯರಿಗೆ ಅದನ್ನು ಅನ್ವಯಿಸಿದನು. ದತ್ತುಮಗನಿಗೆ ಆ ಭಾಷೆಯಲ್ಲಿ ಆ ಹುಳುವಿನ ಹೆಸರೇ ಸಂದಿತು. ಆದರೆ ತಾವ್ ಹೊಂಗ್‌ಜಿಂಗ್ (456–536) ಎಂಬ ವೈದ್ಯಪಂಡಿತನು ಔಷಧಗ್ರಂಥವೊಂದಕ್ಕೆ ವ್ಯಾಖ್ಯಾನ ಬರೆಯುವಾಗ ಈ ಮಾತನ್ನು ಒಪ್ಪಲಿಲ್ಲ. ಕಣಜವು ರಾಗಿಯಷ್ಟು ಸಣ್ಣ ಧಾನ್ಯದ ಕಾಳಿನ ಗಾತ್ರದ ಮೊಟ್ಟೆಯನ್ನಿಟ್ಟು, ಹತ್ತಕ್ಕೆ ಮಿಕ್ಕಿ ಜೇಡಗಳನ್ನು ಮರಿಯ ಆಹಾರಕ್ಕೆಂದು ತುಂಬುತ್ತದೆಂದೂ, ಕವಿಯ ಹೆಸರಿನಲ್ಲಿ ನಡೆದುಬಂದ ಅರ್ಥವು ತಪ್ಪೆಂದೂ ಸ್ಪಷ್ಟವಾಗಿ ಬರೆದನು. ಪೂಜ್ಯಗ್ರಂಥವೊಂದರ ಅರ್ಥವನ್ನು ಗೋಡೆಯ ಮಣ್ಣನ್ನು ಕೆದಕಿ ತಿದ್ದುವ ಧೈರ್ಯವು ಸಾಮಾನ್ಯವಲ್ಲ.

ಯೂರೋಪಿನವರ ದಾರಿ ಇನ್ನೊಂದು. ಅಲ್ಲಿನ ಕೆಲವು ಕಣಜಗಳು ಗೂಡನ್ನೇ ಕಟ್ಟದೆ, ಜೀವಂತ ಕಂಬಳಿಹುಳುವಿನ ಮೈಯೊಳಗೆ ಮೊಟ್ಟೆಯಿಡುತ್ತವೆ. ಇವು ನಮ್ಮಲ್ಲಿಯೂ ಹೇರಳ. ಸಾಕಿದ ಹುಳುವಿನಿಂದ ಚಿಟ್ಟೆಗೆ ಬದಲಾಗಿ ಸಣ್ಣ ನೊಣಗಳ ಹಿಂಡು ಹೊರಬೀಳುವುದನ್ನು 17ನೆಯ ಶತಮಾನದಲ್ಲಿ ಕಂಡ ಡಚ್ ಚಿತ್ರಕಾರ ಗೋಡಾರ್ಟನು, ಅದೂ ಹುಳುವಿನ ರೂಪಾಂತರವೇ ಎಂದು ಭಾವಿಸಿದನು. ನ್ಯಾಯದ ಹೆಸರಿಲ್ಲದಿದ್ದರೂ ತಪ್ಪು ಅದೇ. 1700ರ ಸುಮಾರಿಗೆ ಲೇವನ್‌ಹುಕ್ ಮೊದಲಾದವರು ಮೊಟ್ಟೆಯ ಮರ್ಮವನ್ನು ತಿಳಿದರು. 1860ರಲ್ಲಿ ಡಾರ್ವಿನನು ಆಸಾ ಗ್ರೇ ಎಂಬ ಮಿತ್ರನಿಗೆ ಬರೆದ ಕಾಗದದಲ್ಲಿ, ಕರುಣಾಳುವಾದ ದೇವರು ಇಂತಹ ಕಣಜಗಳನ್ನು ಬೇಕೆಂದೇ ಸೃಷ್ಟಿಸಿದನೆಂದು ತನಗೆ ನಂಬಲಾಗದೆಂದು ತೋಡಿಕೊಂಡನು. ನಮ್ಮವರಿಗೆ ಮೋಕ್ಷದ ನಿದರ್ಶನವಾಗಿದ್ದ ಜಾತಿಯ ಜೀವಿಯು ಅವನಿಗೆ ಸಂಶಯದ ಕಾರಣವಾಯಿತು. ಆಶ್ರಯವಿತ್ತ ಜೀವಿಯನ್ನು ಕಡೆಗೆ ಕೊಂದೇ ತೀರುವ ಈ ವರ್ಗಕ್ಕೆ ಪ್ಯಾರಸಿಟಾಯ್ಡ್ ಎಂಬ ಹೆಸರನ್ನು 1913ರಲ್ಲಿ ಫಿನ್‌ಲೆಂಡಿನ ರಾಯ್ಟರನು ಇಟ್ಟನು.

ಇದರಿಂದ ನ್ಯಾಯವು ಕೆಡುವುದೆಂದು ಹೇಳುವುದು ಆತುರವಾದೀತು. ‘ಯದ್ಭಾವಂ ತದ್ಭವತಿ’ ಎಂಬ ತತ್ತ್ವಕ್ಕೆ ಹುಳುವಿನ ಸಾಕ್ಷ್ಯವೇ ಆಧಾರವಲ್ಲ. ಆದರೆ ಪಾಠ ಹೇಳುವವರು ಒಂದನ್ನು ಗಮನಿಸಬೇಕು. ಹುಳುವು ಹಳೆಯ ದೇಹವನ್ನು ಬಿಡದೆಯೇ ಭ್ರಮರದ ರೂಪವನ್ನು ಹೊಂದುವುದೆಂದು ಏಕಾದಶಸ್ಕಂಧವು ಹೇಳುತ್ತದೆ. ಗೂಡಿನಲ್ಲಿ ನಡೆಯುವುದು ಇದಕ್ಕೆ ನೇರ ವಿರುದ್ಧ. ಅಲ್ಲಿ ಉಳಿಯದಿರುವುದು ಆ ದೇಹವೊಂದೇ. ವಾಸ್ತವವನ್ನೂ ದೃಷ್ಟಾಂತವನ್ನೂ ಬೆರಸದೆ ಎರಡನ್ನೂ ಬೇರೆಬೇರೆಯಾಗಿ ವಿದ್ಯಾರ್ಥಿಗಳ ಮುಂದಿಡುವುದೇ ಯುಕ್ತ.

ಕುಂಡಲಿಗನ ಗೂಡಿನಿಂದ ಒಮ್ಮೊಮ್ಮೆ ಕುಂಡಲಿಗನೂ ಹೊರಬರುವುದಿಲ್ಲ. ಹಸಿರು ನೀಲಿ ಬಣ್ಣಗಳಿಂದ ಲೋಹದಂತೆ ಥಳಥಳಿಸುವ ಮತ್ತೊಂದು ಕಣಜವು ಬರುತ್ತದೆ. ಇದರ ತಾಯಿಯು ಕಟ್ಟಿದ ಗೂಡಿಗೆ ಕದ್ದು ಮೊಟ್ಟೆಯಿಟ್ಟಿರುತ್ತದೆ. ಇದರ ಮರಿಯು ಮನೆಯೊಡೆಯನ ಮರಿಯನ್ನೇ ತಿಂದು ಬೆಳೆದಿರುತ್ತದೆ. ಸೆರೆಯಲ್ಲಿದ್ದ ಹುಳುವು ಇದನ್ನು ಕಂಡಿರಲಿಲ್ಲ, ನೆನೆದೂ ಇರಲಿಲ್ಲ.