ರದ್ದಿಗೆ ಹೋದ ಸಂಚಿಕೆ

1998ರ ಫೆಬ್ರವರಿಯಲ್ಲಿ ಅಮೆರಿಕದ ಟಿವಿಯಲ್ಲಿ ಪ್ರಸಾರವಾದ ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಸರಣಿಯ ಒಂದು ಕಂತಿನ ಬಹುಭಾಗ ನಡೆಯುವುದು ಬಾಹ್ಯಾಕಾಶದಲ್ಲಲ್ಲ, 1953ರ ನ್ಯೂಯಾರ್ಕಿನ ಒಂದು ಪತ್ರಿಕಾ ಕಚೇರಿಯಲ್ಲಿ. ‘ಫಾರ್ ಬಿಯಾಂಡ್ ದಿ ಸ್ಟಾರ್ಸ್’ ಎಂಬ ಈ ಕಂತನ್ನು ಸರಣಿಯ ಹಿಂದುಮುಂದು ಗೊತ್ತಿಲ್ಲದವರೂ ನೋಡಬಹುದು. ಇಷ್ಟು ತಿಳಿದಿದ್ದರೆ ಸಾಕು: ಯುದ್ಧದಲ್ಲಿ ಗೆಳೆಯನನ್ನು ಕಳೆದುಕೊಂಡು ಹುದ್ದೆಯನ್ನೇ ಬಿಡುವ ಯೋಚನೆಯಲ್ಲಿರುವ ಕಪ್ಪು ವರ್ಣದ ಕ್ಯಾಪ್ಟನ್ ಸಿಸ್ಕೊಗೆ ಒಂದು ದೀರ್ಘ ಭ್ರಮೆ ಕವಿಯುತ್ತದೆ. ಅದರೊಳಗೆ ಅವನು ಬೆನ್ನಿ ರಸೆಲ್, ‘ಇನ್‌ಕ್ರೆಡಿಬಲ್ ಟೇಲ್ಸ್’ ಎಂಬ ಪತ್ರಿಕೆಗೆ ವೈಜ್ಞಾನಿಕ ಕತೆ ಬರೆಯುವವ. ಸಿಸ್ಕೊ ಪಾತ್ರದ ಏವರಿ ಬ್ರೂಕ್ಸ್ ಅವರೇ ಈ ಕಂತನ್ನು ನಿರ್ದೇಶಿಸಿದ್ದಾರೆ. ಬೇರೆ ಕಂತುಗಳಲ್ಲಿ ಅನ್ಯಗ್ರಹದವರ ಮುಖವಾಡ ಹೊತ್ತಿರುವ ನಟರು ಇಲ್ಲಿ ತಮ್ಮದೇ ಮುಖದಲ್ಲಿ ಕಾಣಿಸುತ್ತಾರೆ. ಅಲ್ಲಿ ಖಳರಾಗಿದ್ದ ಇಬ್ಬರು ಇಲ್ಲಿ ಪೊಲೀಸರು.

ಓದುಗರು ತಮ್ಮ ಮೆಚ್ಚಿನ ಲೇಖಕರ ಮುಖ ನೋಡಬಯಸಿದ್ದಾರೆ, ಫೋಟೊ ತೆಗೆಸಬೇಕು ಎನ್ನುತ್ತಾನೆ ಸಂಪಾದಕ ಪ್ಯಾಬ್ಸ್ಟ್. ಆ ದಿನ ನೀವಿಬ್ಬರು ಸ್ವಲ್ಪ ತಡವಾಗಿ ಎದ್ದರೂ ಪರವಾಗಿಲ್ಲ ಎಂದು ಬೆನ್ನಿಗೂ ಕೇ ಈಟನ್ ಎಂಬ ಲೇಖಕಿಗೂ ಸೂಚಿಸುತ್ತಾನೆ. ಕೇ ಬರೆಯುವುದು ಕೆ. ಸಿ. ಹಂಟರ್ ಎಂಬ ಹೆಸರಿನಲ್ಲಿ; ಓದುಗರ ಪಾಲಿಗೆ ಆಕೆ ಗಂಡಸು. ಮುಂದೆ ಬೆನ್ನಿ ಒಂದು ಅಂತರಿಕ್ಷ ನಿಲ್ದಾಣದ ಕತೆ ಬರೆಯುತ್ತಾನೆ. ಅದರ ಮುಖ್ಯಸ್ಥ ಕಪ್ಪು ಮನುಷ್ಯ. ಕತೆ ಎಲ್ಲರಿಗೂ ಹಿಡಿಸುತ್ತದೆ, ಆದರೆ ಪ್ಯಾಬ್ಸ್ಟ್ ಅಚ್ಚು ಹಾಕಲಾರ. ಕೊನೆಗೆ ಸಹೋದ್ಯೋಗಿಯೊಬ್ಬ ದಾರಿ ಹುಡುಕುತ್ತಾನೆ: ಇಡೀ ಕತೆ ಯಾರದೋ ಕನಸು ಎಂದು ಮಾಡಿಬಿಡೋಣ. ಬೆನ್ನಿ ಒಪ್ಪುತ್ತಾನೆ. ಆ ಸಂಭ್ರಮದ ರಾತ್ರಿಯೇ ಪರಿಚಯದ ಹುಡುಗ ಜಿಮ್ಮಿ ಪೊಲೀಸರ ಗುಂಡಿಗೆ ಬಲಿಯಾಗುತ್ತಾನೆ. ಏಕೆಂದು ಕೇಳಲು ಹೋದ ಬೆನ್ನಿಯನ್ನು ಅವರು ಸಾಯಬಡಿಯುತ್ತಾರೆ. ವಾರಗಳ ನಂತರ ಊರುಗೋಲು ಹಿಡಿದು, ಅಚ್ಚಾದ ತನ್ನ ಕತೆಯನ್ನು ನೋಡಲು ಕಚೇರಿಗೆ ಬಂದವನಿಗೆ ಸಿಗುವ ಸುದ್ದಿ: ಆ ತಿಂಗಳ ಸಂಚಿಕೆಯನ್ನು ಮಾಲೀಕ ಪೂರ್ತಿಯಾಗಿ ರದ್ದಿಗೆ ಹಾಕಿಸಿದ್ದಾನೆ, ಬೆನ್ನಿಯ ಕೆಲಸವೂ ಹೋಗಿದೆ. ಅಲ್ಲೇ ಅವನು ಕುಸಿದು ಬೀಳುತ್ತಾನೆ.

ಈ ಕುಸಿತದ ದೃಶ್ಯದ ಬಗ್ಗೆ, ಬ್ರೂಕ್ಸ್ ಅವರ ಅಭಿನಯದ ಬಗ್ಗೆ ಅಭಿಮಾನಿಗಳು ಸಾಕಷ್ಟು ಮಾತಾಡಿದ್ದಾರೆ. ಹಳೆಯ ನಿಯತಕಾಲಿಕಗಳನ್ನು ತಿರುವಿಹಾಕುವುದೇ ಕೆಲಸವಾದ ನನ್ನಂಥವರಿಗೆ ಅದಕ್ಕಿಂತ ಹೆಚ್ಚಾಗಿ ಕಾಡುವುದು ಅದರ ಹಿಂದಿನ ಒಂದೆರಡು ಮಾತು, ಸಂಚಿಕೆ ರದ್ದಿಗೆ ಹೋಯಿತೆಂಬ ಮಾತು. ಪೊಲೀಸರ ಹೊಡೆತಕ್ಕೆ ಗಾಯವಾದರೂ ಸಾಕ್ಷಿಯಾಗಿ ಉಳಿಯುತ್ತದೆ. ಅರೆದು ಹಾಕಿದ ಸಂಚಿಕೆ ಯಾವ ಗ್ರಂಥಾಲಯಕ್ಕೂ ಬರುವುದಿಲ್ಲ.

ಇದು ಅತಿರಂಜಿತವೇ? ಬೆನ್ನಿ ಕಾಲ್ಪನಿಕ, ಆದರೆ ಅವನ ಸುತ್ತಲಿನ ಜಗತ್ತಿಗೆ ದಾಖಲೆಗಳಿವೆ. ಅದೇ 1953ರಲ್ಲಿ ಇಸಿ ಕಾಮಿಕ್ಸ್‌ನ ‘ವಿಯರ್ಡ್ ಫ್ಯಾಂಟಸಿ’ಯಲ್ಲಿ ‘ಜಡ್ಜ್‌ಮೆಂಟ್ ಡೇ’ ಎಂಬ ಚಿತ್ರಕತೆ ಬಂತು. ಬರೆದವರು ಆಲ್ ಫೆಲ್ಡ್‌ಸ್ಟೀನ್, ಚಿತ್ರಿಸಿದವರು ಜೋ ಒರ್ಲ್ಯಾಂಡೊ. ಭೂಮಿಯಿಂದ ಬಂದ ಒಬ್ಬ ಪರಿವೀಕ್ಷಕ ರೋಬಾಟುಗಳ ಗ್ರಹವೊಂದನ್ನು ನೋಡುತ್ತಾನೆ. ಅಲ್ಲಿ ಕಿತ್ತಳೆ ಬಣ್ಣದವು ಮೇಲು, ನೀಲಿ ಬಣ್ಣದವು ಕೀಳು. ಒಳಗಿನ ಯಂತ್ರ ಮಾತ್ರ ಒಂದೇ. ಗಣರಾಜ್ಯಕ್ಕೆ ಸೇರಲು ನೀವಿನ್ನೂ ಯೋಗ್ಯರಾಗಿಲ್ಲ ಎಂದು ಹೇಳಿ ಅವನು ಹೊರಡುತ್ತಾನೆ. ಕೊನೆಯ ಚೌಕದಲ್ಲಿ ಶಿರಸ್ತ್ರಾಣ ತೆಗೆದಾಗ ಕಾಣುವುದು ಕಪ್ಪು ಮನುಷ್ಯನ ಮುಖ. 1954ರಲ್ಲಿ ಕಾಮಿಕ್ಸ್ ಕೋಡ್ ಎಂಬ ಕಟ್ಟುಪಾಡು ಬಂದ ಮೇಲೆ, 1956ರಲ್ಲಿ ಇದನ್ನು ಮರುಮುದ್ರಿಸಲು ಹೊರಟಾಗ ಕೋಡಿನ ಮುಖ್ಯಸ್ಥ ಚಾರ್ಲ್ಸ್ ಮರ್ಫಿ ಆ ಮುಖ ಕಪ್ಪಾಗಿರಕೂಡದು ಎಂದರು. ಮುಖ ಬದಲಾದರೆ ಕತೆಯಲ್ಲಿ ಉಳಿಯುವುದೇನು? ಪ್ರಕಾಶಕ ವಿಲಿಯಂ ಗೇಯ್ನ್ಸ್ ಜಗಳವಾಡಿ ಇದ್ದದ್ದನ್ನು ಇದ್ದಂತೆಯೇ ಅಚ್ಚು ಹಾಕಿಸಿದರು. ಅದು ಇಸಿಯ ಕೊನೆಯ ಕಾಮಿಕ್ಸ್ ಸಂಚಿಕೆಯಾಯಿತು.

ಇನ್ನೊಂದು ಪ್ರಸಂಗ ಸ್ಯಾಮ್ಯುಯೆಲ್ ಡಿಲೇನಿ ಅವರದು. ಈ ಕಂತು ಪ್ರಸಾರವಾದ 1998ರಲ್ಲೇ ಪ್ರಕಟವಾದ ಪ್ರಬಂಧವೊಂದರಲ್ಲಿ ಅವರು ಅದನ್ನು ಹೇಳಿಕೊಂಡಿದ್ದಾರೆ. ಆ ಹೊತ್ತಿಗಾಗಲೇ ನೆಬ್ಯುಲಾ ಪ್ರಶಸ್ತಿ ಪಡೆದಿದ್ದ ಡಿಲೇನಿ, ‘ನೋವಾ’ ಕಾದಂಬರಿಯನ್ನು ಧಾರಾವಾಹಿಯಾಗಿ ಪ್ರಕಟಿಸಲು ಜಾನ್ ಕ್ಯಾಂಬೆಲ್ ಅವರಿಗೆ ಕಳುಹಿಸಿದ್ದರು. ಕ್ಯಾಂಬೆಲ್ 1937ರಿಂದ 1971ರವರೆಗೆ ಒಂದೇ ಪತ್ರಿಕೆಯ ಚುಕ್ಕಾಣಿ ಹಿಡಿದಿದ್ದ ಸಂಪಾದಕ. ಆಸಿಮೊವ್, ಹೈನ್‌ಲೈನ್‌ರಂಥವರನ್ನು ಬೆಳೆಸಿದವರು. ಕಾದಂಬರಿ ಮೆಚ್ಚುಗೆಯಾಗಿದೆ, ಆದರೆ ಕಪ್ಪು ನಾಯಕನನ್ನು ನಮ್ಮ ಓದುಗರು ತಮ್ಮವನೆಂದುಕೊಳ್ಳಲಾರರು ಎಂದು ಅವರು ಡಿಲೇನಿ ಅವರ ಏಜೆಂಟರಿಗೆ ಫೋನಿನಲ್ಲಿ ಹೇಳಿದರಂತೆ. ‘ನೋವಾ’ 1968ರಲ್ಲಿ ಪುಸ್ತಕವಾಗಿ ಬಂತು.

ಪ್ಯಾಬ್ಸ್ಟನ ತರ್ಕವೂ ಇದೇ. ಅವನು ದುಷ್ಟನಲ್ಲ, ಬೆನ್ನಿಗೆ ಕೆಲಸ ಕೊಟ್ಟವನು, ಅವನ ಬರಹ ಮೆಚ್ಚುವವನು. ಕೆಟ್ಟದ್ದನ್ನೆಲ್ಲ ಅವನು ಓದುಗರ ತಲೆಗೆ ಕಟ್ಟುತ್ತಾನೆ. ಕಂತಿನ ಉದ್ದಕ್ಕೂ ಆ ಓದುಗರಲ್ಲಿ ಒಬ್ಬನೂ ತೆರೆಯ ಮೇಲೆ ಬರುವುದಿಲ್ಲ. ಕ್ಯಾಂಬೆಲ್ ವಿಷಯದಲ್ಲಂತೂ ಈ ನೆಪವನ್ನು ನಂಬುವುದು ಇನ್ನೂ ಕಷ್ಟ. ಜನಾಂಗ ಪ್ರತ್ಯೇಕತೆಯನ್ನು ಸಮರ್ಥಿಸುವ ಸಂಪಾದಕೀಯಗಳನ್ನು 1960ರ ದಶಕದಲ್ಲಿ ಅವರೇ ಬರೆದಿದ್ದರು. ಅವರ ಹೆಸರಿನಲ್ಲಿದ್ದ ಹೊಸ ಲೇಖಕರ ಪ್ರಶಸ್ತಿಗೆ 2019ರಲ್ಲಿ ಬೇರೆ ಹೆಸರಿಡಲಾಯಿತು.

ಒಂದು ಅಡ್ಡಮಾತು. ಕೇ ಈಟನ್ ಪಾತ್ರ ನೋಡಿದವರಿಗೆ ಸಿ. ಎಲ್. ಮೂರ್ ನೆನಪಾಗದೆ ಇರುವುದಿಲ್ಲ. ಹೆಣ್ಣೆಂಬುದನ್ನು ಮುಚ್ಚಿಡಲು ಮೂರ್ ಇನಿಷಿಯಲ್ ಬಳಸಿದರು ಎಂಬ ಮಾತು ಬಹಳ ಕಾಲದಿಂದ ಓಡಾಡುತ್ತಿದೆ. ಆಕೆಯೇ ಹೇಳಿದ ಕಾರಣ ಬೇರೆ: ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ತಾನು ಕತೆ ಬರೆದೂ ದುಡ್ಡು ಗಳಿಸುವುದು ಅಲ್ಲಿಯವರಿಗೆ ಗೊತ್ತಾಗಬಾರದಿತ್ತು. ಆದ್ದರಿಂದ ಈ ಕಂತನ್ನು ಇತಿಹಾಸವೆಂದೇ ಓದಲು ಹೊರಡುವವರು ಎಚ್ಚರದಿಂದಿರಬೇಕು.

ಆದರೂ ಬೆನ್ನಿಯಂಥವನೊಬ್ಬ ನಿಜವಾಗಿ ಇದ್ದಿದ್ದರೆ ಇಂದಿನ ಸಂಶೋಧಕರಿಗೆ ಅವನು ಸಿಗುತ್ತಿದ್ದುದಾದರೂ ಹೇಗೆ ಎಂಬ ಪ್ರಶ್ನೆ ಬಿಡುವುದಿಲ್ಲ. ಹಳೆಯ ಸಂಚಿಕೆಗಳಲ್ಲಿ ಅವನ ಹೆಸರಿರುತ್ತದೆ, ಬಣ್ಣ ಇರುವುದಿಲ್ಲ. ಡಿಲೇನಿ ತಮ್ಮ ಕತೆಯನ್ನು ಹೇಳಲು ಉಳಿದರು, ಗೇಯ್ನ್ಸ್ ಸಂಚಿಕೆಯನ್ನು ಉಳಿಸಿದರು. ಬೆನ್ನಿಯ ಪತ್ರಿಕೆಯ ಕಡತದಲ್ಲಿ ಒಂದು ತಿಂಗಳಿನ ಸಂಚಿಕೆ ಕಾಣದೆ ಹೋದರೆ ಗ್ರಂಥಪಾಲಕರು ‘ಲಭ್ಯವಿಲ್ಲ’ ಎಂದು ಬರೆದು ಮುಂದಿನ ತಿಂಗಳಿಗೆ ಹೋಗುತ್ತಾರೆ. ಲೇಖಕರ ಫೋಟೊ ಮಾತ್ರ ಇರುತ್ತದೆ. ಅದರಲ್ಲಿ ಎಲ್ಲರೂ ಬಿಳಿಯರು, ಎಲ್ಲರೂ ಗಂಡಸರು.