‘ಚಾಲ್’ ಎಂಬ ಒಂದು ಸಾಲು: ವಾಮನದಾದಾ ಕರ್ಡಕ್ ಅವರ ಹಾಡುಗಾರಿಕೆ ಕುರಿತು

ಮುಂಬೈಯಿಂದ ಹೊರಟ ರೈಲು ಕಸಾರಾ ಬಿಟ್ಟ ಮೇಲೆ ಥಳ್ ಘಾಟಿನ ಕಡಿದಾದ ಏರು ಹತ್ತಿ ಇಗತಪುರಿ ಸೇರುತ್ತದೆ. ಹೊರಗಿನವರಿಗೆ ಈ ಊರೆಂದರೆ ಧಮ್ಮಗಿರಿ. 1976ರಿಂದ ಅಲ್ಲಿ ನಡೆದುಬಂದಿರುವ ವಿಪಶ್ಯನ ಧ್ಯಾನ, ಹತ್ತು ದಿನಗಳ ಮೌನ. ಆದರೆ ಇದೇ ನಾಶಿಕ ಜಿಲ್ಲೆಯ ಕೇರಿಗಳಲ್ಲಿ ಅಂಬೇಡ್ಕರರ ಮೂಲಕ ಬಂದ ಬುದ್ಧನ ಹೆಸರು ಬೇರೂರಿದ್ದು ಢೋಲಕಿ, ಹಾರ್ಮೋನಿಯಂಗಳ ಜೊತೆ, ಏರುದನಿಯಲ್ಲಿ. ಈ ಟಿಪ್ಪಣಿ ಆ ದನಿಯನ್ನು ಕುರಿತದ್ದು.

ಮೊದಲು ಒಂದು ಗೊಂದಲ ಬಿಡಿಸಬೇಕು. ನಾಶಿಕ ಜಿಲ್ಲೆಯಿಂದ ಬಂದ ಅಂಬೇಡ್ಕರ್‌ವಾದಿ ಹಾಡುಗಾರರಲ್ಲಿ ಕರ್ಡಕ್ ಮನೆತನದ ಹೆಸರಿನವರು ಇಬ್ಬರಿದ್ದಾರೆ. ಹಿರಿಯರು ಭೀಮರಾವ್ ಕರ್ಡಕ್. 1930ರ ಮಾರ್ಚ್ 2ರಂದು ನಾಶಿಕದಲ್ಲಿ ದಲಿತರ ದೇವಾಲಯ ಪ್ರವೇಶಕ್ಕಾಗಿ ಕಾಳಾರಾಮ ಮಂದಿರ ಸತ್ಯಾಗ್ರಹ ಶುರುವಾದ ಆ ಕಾಲದಲ್ಲಿ ಯುವಕರನ್ನು ಕಟ್ಟಿಕೊಂಡು ಜಲಸಾ ಮೇಳ ನಡೆಸಿದವರು ಅವರು. ಹಾಡು, ಸಂಭಾಷಣೆ, ನಗೆ ಬೆರೆಸಿ ಊರೂರಿಗೆ ಚಳವಳಿಯ ಸುದ್ದಿ ಮುಟ್ಟಿಸಿದರು. ಆ ಅನುಭವವನ್ನು 1978ರಲ್ಲಿ ‘ಆಂಬೇಡಕರೀ ಜಲಸೇ’ ಎಂಬ ಪುಸ್ತಕದಲ್ಲಿ ದಾಖಲಿಸಿದರು. ಕಿರಿಯರು ವಾಮನ ತಬಾಜಿ ಕರ್ಡಕ್. 1922ರ ಆಗಸ್ಟ್ 15ರಂದು ಸಿನ್ನರ್ ತಾಲ್ಲೂಕಿನ ದೇಶವಂಡಿಯಲ್ಲಿ ಹುಟ್ಟಿ, 2004ರ ಮೇ 15ರಂದು ನಾಶಿಕದಲ್ಲಿ ತೀರಿಕೊಂಡವರು. ಜನ ಅವರನ್ನು ಕರೆದದ್ದು ವಾಮನದಾದಾ ಎಂದು.

ವಾಮನದಾದಾ ಶಾಲೆ ಕಲಿತವರಲ್ಲ. ದುಡಿಮೆಗಾಗಿ ಮುಂಬೈಗೆ ಹೋದವರು ಶಿವಡಿಯ ಬಿ.ಡಿ.ಡಿ. ಚಾಳಿನಲ್ಲಿ ನೆಲೆಸಿದರು, ಗಿರಣಿಯಲ್ಲೂ ಕಲ್ಲಿದ್ದಲ ವಖಾರಿಯಲ್ಲೂ ಕೆಲಸ ಮಾಡಿದರು. ಯಾರೋ ಒಬ್ಬರು ಓದಿ ಹೇಳೆಂದು ಅವರ ಕೈಗೆ ಕಾಗದ ಕೊಟ್ಟಾಗ, ಓದಲಾಗದೆ ಅತ್ತ ಪ್ರಸಂಗವನ್ನು ಅವರ ಜೀವನ ಬರೆದವರು ಹೇಳುತ್ತಾರೆ. ಆಮೇಲೆ ದೇಹಲವಿ ಎಂಬ ಮಾಸ್ತರರು ಅವರಿಗೆ ಕಾಗುಣಿತ ಹೇಳಿಕೊಟ್ಟರು. ಒತ್ತಕ್ಷರಗಳನ್ನು ಅವರು ಕಲಿತದ್ದು ಅಂಗಡಿಗಳ ಬೋರ್ಡು ಓದಿ ಓದಿ. ಅಂಬೇಡ್ಕರರು ಕಟ್ಟಿದ ಸಮತಾ ಸೈನಿಕ ದಳದ ಯುವಕರ ನಡುವೆ ಬೆಳೆದರು.

1943ರಲ್ಲಿ ಕಟ್ಟಿದ ಅವರ ಮೊದಲ ಹಾಡು ವಿಡಂಬನಗೀತೆ. ಆಗ ಜನರ ಬಾಯಲ್ಲಿದ್ದ ಧಾಟಿಗೆ ಹೊಸ ಮಾತು. ನನ್ನ ಕುತೂಹಲವೆಲ್ಲ ಇರುವುದು ಇಲ್ಲಿ. ಮರಾಠಿಯ ಭೀಮಗೀತೆಗಳ, ಅಂದರೆ ಅಂಬೇಡ್ಕರರನ್ನು ಕುರಿತ ಹಾಡುಗಳ, ಕಿರುಪುಸ್ತಕಗಳಲ್ಲಿ ಹಾಡಿನ ನೆತ್ತಿಯ ಮೇಲೆ ‘ಚಾಲ್’ ಎಂದು ಬರೆದು ಯಾವುದಾದರೂ ಸಿನಿಮಾ ಹಾಡಿನ ಹೆಸರು ಕೊಡುವುದುಂಟು. ನಮ್ಮ ಕಂಪನಿ ನಾಟಕದ ಪದಗಳ ಮೇಲೆ ‘ಧಾಟಿ’ ಎಂದು ಅಚ್ಚು ಮಾಡುತ್ತಿದ್ದ ಹಾಗೆ. ಇದನ್ನು ಅನುಕರಣೆ ಎಂದು ಕೈಬಿಟ್ಟ ಸಾಹಿತ್ಯ ವಿಮರ್ಶೆ ತಪ್ಪು ಮಾಡಿತೆಂದೇ ನಾನು ತಿಳಿಯುತ್ತೇನೆ. ಓದು ಬಾರದ ಕೇಳುಗನಿಗೆ ರಾಗ ಮೊದಲೇ ಗೊತ್ತಿದ್ದರೆ ಅವನ ನೆನಪಿನ ಭಾರ ಅರ್ಧ ಇಳಿಯುತ್ತದೆ. ಉಳಿದ ಶಕ್ತಿಯೆಲ್ಲ ಮಾತಿಗೆ. ಬೆಳಿಗ್ಗೆ ಗಿರಣಿಗೆ ಹೋಗುವ ಹುಡುಗ ರಾತ್ರಿ ಕೇಳಿದ್ದನ್ನು ಪುಸ್ತಕವಿಲ್ಲದೆ ಒಯ್ಯಬಲ್ಲ. ಅಕ್ಷರ ತಡವಾಗಿ ದಕ್ಕಿದ ಕವಿಗೆ ಈ ಲೆಕ್ಕ ಯಾರೂ ಕಲಿಸಬೇಕಾಗಿರಲಿಲ್ಲ.

1973ರಲ್ಲಿ ‘ವಾಟಚಾಲ್’, 1976ರಲ್ಲಿ ‘ಮೋಹಳ್’ ಸಂಕಲನಗಳು ಬಂದವು. ಆದರೆ ಅವರ ಹಾಡು ಹಬ್ಬಿದ್ದು ಗಾಯನ ಪಾರ್ಟಿಗಳಿಂದ, ಎರಡು ಮೇಳಗಳು ಎದುರುಬದುರು ಕೂತು ಸರಿರಾತ್ರಿವರೆಗೆ ನಡೆಸುವ ಕವ್ವಾಲಿ ಮುಕಾಬಲಾಗಳಿಂದ. ಆ ಹಾದಿಯಲ್ಲಿ ಶಿಷ್ಯರು ಹುಟ್ಟಿಕೊಂಡರು. ಪ್ರತಾಪಸಿಂಗ್ ಬೋದಡೆ ಅವರಲ್ಲಿ ಹೆಸರಾದವರು. ವೃತ್ತಿ ಬೇರೆ, ಸಮುದಾಯದ ಯುವಕರ ಕೆಲಸ ಬೇರೆ ಎಂಬ ಗೆರೆ ವಾಮನದಾದಾ ಬದುಕಿನಲ್ಲಿ ನನಗೆ ಎಲ್ಲೂ ಕಾಣಲಿಲ್ಲ.

ಈ ಗೆರೆ ಇಲ್ಲದ ಇನ್ನೊಂದು ಕಡೆ ಪಶ್ಚಿಮ ಆಫ್ರಿಕದ ಸೆನೆಗಲ್. ಹಿಪ್‌ಹಾಪ್ ಕೂಡ ಮೊದಲೇ ಇದ್ದ ರೆಕಾರ್ಡುಗಳ ತುಣುಕಿನ ಮೇಲೆ ಹೊಸ ಮಾತು ಕೂರಿಸಿ ಬೆಳೆದ ಕಲೆಯೆಂಬುದನ್ನು ಇಲ್ಲಿ ನೆನೆಯಬೇಕು. ಅಲ್ಲಿನ ರಾಜಧಾನಿ ಡಾಕಾರಿನ ಹೊರವಲಯದ ರ‍್ಯಾಪರ್ ಬಾಬಾಕಾರ್ ನಿಯಾಂಗ್, ವೇದಿಕೆಯ ಹೆಸರು ಮಾಟಡೋರ್. ಅವರ ತಂಡ ‘ವಾ ಬಿಎಮ್‌ಜಿ 44’ರ ಕೊನೆಯ ಅಂಕಿ 1944ನ್ನು ಸೂಚಿಸುತ್ತದೆ. ಆ ವರ್ಷದ ಡಿಸೆಂಬರ್ 1ರಂದು, ಬಾಕಿ ಸಂಬಳ ಕೇಳಿದ ಆಫ್ರಿಕನ್ ಸೈನಿಕರ ಮೇಲೆ ಫ್ರೆಂಚ್ ಸೇನೆ ಥಿಯಾರೊಯ್‌ನಲ್ಲಿ ಗುಂಡು ಹಾರಿಸಿತ್ತು. 2006ರಲ್ಲಿ ಮಾಟಡೋರ್ ಪಿಕೀನ್‌ನಲ್ಲಿ ಆಫ್ರಿಕುಲ್ಟುರ್ಬಾನ್ ಸಂಸ್ಥೆ ಕಟ್ಟಿದರು. ಜೈಲಿನಿಂದ ಹೊರಬಂದ ಯುವಕರಿಗೂ ಅದು ಧ್ವನಿಮುದ್ರಣ, ವಿಡಿಯೊ ಮೊದಲಾದ ಕಸುಬು ಕಲಿಸಿದೆ. ಕಾಳಾರಾಮ ಸತ್ಯಾಗ್ರಹ ನಾಶಿಕದ ಹಾಡುಗಳಿಗೆ ಏನಾಗಿತ್ತೋ, ಥಿಯಾರೊಯ್ ಈ ತಂಡಕ್ಕೆ ಅದೇ ಆಗಿತ್ತು: ಹಾಡುವವರು ಯಾರ ಮಕ್ಕಳೆಂದು ಹೇಳುವ ಗುರುತು. ಇಬ್ಬರ ನಡುವಿನ ವ್ಯತ್ಯಾಸ ಸಂಸ್ಥೆಯದು. ಮಾಟಡೋರ್ ಬಳಿ ನೆಲೆಯಿದೆ, ತರಬೇತಿಯಿದೆ. ವಾಮನದಾದಾ ಬಳಿ ಇದ್ದದ್ದು ಊರಿಂದೂರಿಗೆ ತಿರುಗಾಟ ಮಾತ್ರ.

ಕನ್ನಡದವರಿಗೆ ಈ ಲೋಕ ದೂರದ್ದಲ್ಲ. ಮಹಾರಾಷ್ಟ್ರದ ಕಲ್ಗಿ-ತುರಾ ಎಂಬ ಲಾವಣಿ ಜಗಳವೇ ಗಡಿಯ ಈಚೆ ಹರದೇಶಿ-ನಾಗೇಶಿಯಾಗಿದೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಡಪ್ಪು, ತುಂತುಣಿ ಹಿಡಿದು ಬೆಳತನಕ ಸವಾಲು ಎಸೆಯುವ ಲಾವಣಿಕಾರರು ವಿಜಯಪುರ, ಬಾಗಲಕೋಟೆ ಕಡೆ ಈಗಲೂ ಇದ್ದಾರೆ. ಬೆಳಗಾವಿ, ಕಲಬುರಗಿ, ಬೀದರಿನ ಕೇರಿಗಳಲ್ಲಿ ಅಂಬೇಡ್ಕರ್ ಜಯಂತಿಯಾದ ಏಪ್ರಿಲ್ 14ರ ರಾತ್ರಿ ಕೇಳುವ ಭೀಮಗೀತೆಗಳನ್ನೂ ಇದೇ ಸಾಲಿನಲ್ಲಿ ಇಟ್ಟು ನೋಡಬೇಕು.

ಆ ಕೇರಿಗಳ ಹಿರಿಯ ಹಾಡುಗಾರರ ಮನೆಗಳಿಗೆ ಹೋಗುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಹಾಡಿನ ಪಠ್ಯ ಬರೆದುಕೊಳ್ಳುವಾಗ ಅದರ ಧಾಟಿ ಯಾವುದು, ಯಾರಿಂದ ಕಲಿತದ್ದು, ಎದುರು ಮೇಳ ಯಾವುದಿತ್ತು ಎಂದು ಕೇಳಿ ಪಠ್ಯದ ಮೇಲೆಯೇ ಬರೆದಿಡಿ.