ಕ್ರಿಯಾಸಂಶೋಧನೆಯ ಇತಿಹಾಸವೂ ಉಪಾಧ್ಯಾಯರ ಅಧಿಕಾರವೂ

ಕ್ರಿಯಾಸಂಶೋಧನೆಯೆಂಬ ಶಬ್ದವು ನಮ್ಮ ನಾಡಿನ ಉಪಾಧ್ಯಾಯಶಿಕ್ಷಣದ ಕಾಲೇಜುಗಳಲ್ಲಿ ಈಗ ಬಹು ಪರಿಚಿತವಾದದ್ದು. ಬಿ.ಎಡ್. ವಿದ್ಯಾರ್ಥಿಗಳು ಅದರ ಲಕ್ಷಣವನ್ನೂ ಸೋಪಾನಗಳನ್ನೂ ಪರೀಕ್ಷೆಗಾಗಿ ಕಂಠಸ್ಥಮಾಡುವರು. ೧೯೮೬ರ ರಾಷ್ಟ್ರೀಯ ಶಿಕ್ಷಣನೀತಿಯನ್ನನುಸರಿಸಿ ಏರ್ಪಟ್ಟ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ ಕರ್ತವ್ಯಗಳಲ್ಲಿ ಇದೂ ಒಂದಾಗಿ ಪರಿಗಣಿತವಾಗಿದೆ. ಇಂತಿದ್ದರೂ ಈ ಶಬ್ದವು ಎಲ್ಲಿ ಹುಟ್ಟಿತು, ಯಾರಿಂದ ಬೆಳೆಯಿತು, ಮಧ್ಯದಲ್ಲಿ ಏತಕ್ಕಾಗಿ ಕ್ಷೀಣವಾಯಿತು, ಮತ್ತೆ ಹೇಗೆ ತಲೆಯೆತ್ತಿತು ಎಂಬುದನ್ನು ವಿಚಾರಿಸುವವರು ವಿರಳ. ತನ್ನ ತರಗತಿಯಲ್ಲಿ ಉಪಾಧ್ಯಾಯನು ಮಾಡಿ ನೋಡುವ ಪ್ರಯೋಗವು ಯಾವಾಗ ಸಂಶೋಧನೆಯೆಂಬ ಹೆಸರಿಗೆ ಅರ್ಹವಾಗುವುದು? ಈ ಪ್ರಶ್ನೆಗೆ ಉತ್ತರವು ಲಕ್ಷಣವಾಕ್ಯಗಳಿಗಿಂತ ಇತಿಹಾಸದಲ್ಲಿಯೇ ಹೆಚ್ಚು ಸ್ಪಷ್ಟವಾಗಿ ದೊರೆಯುವುದೆಂದು ತೋರುವುದರಿಂದ, ಆ ಇತಿಹಾಸವನ್ನು ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಮೊದಲು ಶಬ್ದದ ಉತ್ಪತ್ತಿ. ಅಮೆರಿಕದ ಮೂಲನಿವಾಸಿಗಳ ವ್ಯವಹಾರಗಳಿಗೆ ೧೯೩೩ರಿಂದ ೧೯೪೫ರ ವರೆಗೆ ಕಮಿಷನರಾಗಿದ್ದ ಜಾನ್ ಕಾಲಿಯರ್ ಎಂಬವರು, ಜನರಿಗೆ ಉಪಯೋಗವಾಗಬೇಕಾದ ಸಂಶೋಧನೆಯಲ್ಲಿ ಆ ಜನರೂ ಆಡಳಿತಗಾರರೂ ವಿದ್ವಾಂಸರೊಡನೆ ಪಾಲುಗೊಳ್ಳಬೇಕೆಂದು ೧೯೪೫ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಪ್ರತಿಪಾದಿಸಿದರು. ಮರುವರ್ಷವೇ ಕುರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞರು ಕ್ರಿಯಾಸಂಶೋಧನೆಯನ್ನೇ ಶೀರ್ಷಿಕೆಯಲ್ಲಿಟ್ಟು ಒಂದು ಪ್ರಬಂಧವನ್ನು ಬರೆದರು. ಇವರು ೧೮೯೦ರಲ್ಲಿ ಅಂದಿನ ಪ್ರಷ್ಯದಲ್ಲಿ ಹುಟ್ಟಿದ ಯೆಹೂದ್ಯರು. ಹಿಟ್ಲರನ ಆಡಳಿತವು ಮೊದಲಾದ ೧೯೩೩ರಲ್ಲಿ ಜರ್ಮನಿಯನ್ನು ಬಿಟ್ಟು ಅಮೆರಿಕವನ್ನು ಸೇರಿದವರು.

ಲೆವಿನ್ನರ ಅಭಿಪ್ರಾಯಕ್ಕೆ ಯುದ್ಧಕಾಲದ ಒಂದು ಪ್ರಯೋಗವು ಪ್ರಬಲವಾದ ಆಧಾರವಾಯಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಗೃಹಿಣಿಯರು ಸಾಮಾನ್ಯವಾಗಿ ಬಳಸದಿದ್ದ ಮಾಂಸಭಾಗಗಳನ್ನು ಅಡಿಗೆಯಲ್ಲಿ ಉಪಯೋಗಿಸುವಂತೆ ಮಾಡಬೇಕಾಗಿತ್ತು. ಕೆಲವು ಗುಂಪುಗಳಿಗೆ ಒಳ್ಳೆಯ ಉಪನ್ಯಾಸವನ್ನು ಮಾಡಿಸಲಾಯಿತು. ಬೇರೆ ಗುಂಪುಗಳವರು ತಾವೇ ಕೂತು ಚರ್ಚಿಸಿ ನಿಶ್ಚಯಕ್ಕೆ ಬರುವಂತೆ ಏರ್ಪಡಿಸಲಾಯಿತು. ಬಳಿಕ ವಿಚಾರಿಸಿದಾಗ, ಉಪನ್ಯಾಸವನ್ನು ಕೇಳಿದವರಲ್ಲಿ ನೂರಕ್ಕೆ ೩ ಮಂದಿಯೂ ತಾವಾಗಿ ನಿಶ್ಚಯಿಸಿದವರಲ್ಲಿ ನೂರಕ್ಕೆ ೩೨ ಮಂದಿಯೂ ಹೊಸ ಪದಾರ್ಥವನ್ನು ಬಡಿಸಿದ್ದರು. ಪರರು ಹೇಳಿದ ಮಾತು ಕಿವಿಯಲ್ಲಿ ನಿಲ್ಲುವುದು, ತಾನು ವಿಚಾರಿಸಿ ಕಂಡುಕೊಂಡುದು ಕೈಗೆ ಬರುವುದು ಎಂಬುದು ಇದರಿಂದ ವ್ಯಕ್ತವಾಯಿತು. ಯೋಜನೆ, ಆಚರಣೆ, ಫಲಪರೀಕ್ಷೆ, ಅದಕ್ಕನುಸಾರವಾಗಿ ಪುನಃ ಯೋಜನೆ, ಹೀಗೆ ಸುತ್ತುಸುತ್ತಾಗಿ ಮೇಲೇರುವ ಕ್ರಮವನ್ನು ಲೆವಿನ್ನರು ೧೯೪೬ರ ಪ್ರಬಂಧದಲ್ಲಿ ವಿವರಿಸಿದರು. ಗ್ರಂಥಗಳನ್ನು ಮಾತ್ರ ಫಲವಾಗಿ ಕೊಡುವ ಸಂಶೋಧನೆಯು ಸಾಲದೆಂಬುದು ಅವರ ಮತ. ೧೯೪೭ರಲ್ಲಿ ಅವರು ಕಾಲವಾದರು.

ಶಬ್ದವು ಹೀಗೆ ಪಾಠಶಾಲೆಯ ಹೊರಗೆ ಹುಟ್ಟಿದರೂ ಅದರ ಭಾವವು ಶಿಕ್ಷಣಶಾಸ್ತ್ರದಲ್ಲಿ ಮೊದಲೇ ಮೊಳೆತಿದ್ದಿತು. ಬಕಿಂಗ್‌ಹ್ಯಾಮ್ ಎಂಬವರು ೧೯೨೬ರಲ್ಲಿ ಉಪಾಧ್ಯಾಯರಿಗಾಗಿಯೇ ಸಂಶೋಧನೆಯ ವಿಷಯವಾದ ಗ್ರಂಥವನ್ನು ರಚಿಸಿದ್ದರು. ಜಾನ್ ಡ್ಯೂಯಿಯವರು ೧೯೨೯ರ ತಮ್ಮ ಕೃತಿಯಲ್ಲಿ, ಉಪಾಧ್ಯಾಯರ ಅನುಭವವು ಇನ್ನೂ ಅಗೆಯದೆ ಬಿಟ್ಟಿರುವ ಗಣಿಯೆಂಬ ಅರ್ಥದ ಮಾತನ್ನು ಹೇಳಿದ್ದರು. ಈ ಎರಡು ಧಾರೆಗಳನ್ನು ಕೂಡಿಸಿದವರು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದ ಟೀಚರ್ಸ್ ಕಾಲೇಜಿನ ಸ್ಟೀಫನ್ ಕೋರಿಯವರು. ಪಾಠಕ್ರಮವನ್ನು ಸುಧಾರಿಸಲು ಕ್ರಿಯಾಸಂಶೋಧನೆಯನ್ನು ಹೇಗೆ ನಡೆಸಬಹುದೆಂಬುದನ್ನು ಅವರು ೧೯೫೩ರಲ್ಲಿ ಪುಸ್ತಕರೂಪವಾಗಿ ಪ್ರಕಟಿಸಿದರು. ಅನ್ಯರ ಸಂಶೋಧನೆಯನ್ನು ಓದಿ ತನ್ನ ಪದ್ಧತಿಯನ್ನು ಬದಲಾಯಿಸುವ ಉಪಾಧ್ಯಾಯರಿಗಿಂತ, ತನ್ನ ಕೆಲಸದ ಫಲವನ್ನು ತಾನೇ ಪರೀಕ್ಷಿಸಿ ಬದಲಾಯಿಸುವವರೇ ಹೆಚ್ಚೆಂಬುದು ಅವರ ವಾದದ ತಿರುಳು.

ಇದಕ್ಕೆ ಪೂರ್ವಪಕ್ಷವು ಬೇಗನೆ ಎದ್ದಿತು. ೧೯೫೭ರಲ್ಲಿ ಹ್ಯಾರೊಲ್ಡ್ ಹಾಜ್‌ಕಿನ್‌ಸನ್ ಎಂಬವರು ಕ್ರಿಯಾಸಂಶೋಧನೆಯನ್ನು ಖಂಡಿಸಿ ಬರೆದರು. ಉಪಾಧ್ಯಾಯರಿಗೆ ಸಂಶೋಧನೆಯ ಶಿಕ್ಷಣವಿಲ್ಲ; ಪಾಠದ ಹೊರೆಯಲ್ಲಿ ಅದಕ್ಕೆ ಅವಕಾಶವೂ ಇಲ್ಲ; ಒಂದು ತರಗತಿಯಲ್ಲಿ ಕಂಡುದನ್ನು ಇನ್ನೊಂದಕ್ಕೆ ಅನ್ವಯಿಸಲಾಗದು; ಆದುದರಿಂದ ಇದಕ್ಕೆ ಸಂಶೋಧನೆಯ ಗೌರವವು ಸಲ್ಲದು ಎಂಬುದು ಇಂತಹ ಆಕ್ಷೇಪಗಳ ಸಾರಾಂಶ. ಅದೇ ವರ್ಷದ ಅಕ್ಟೋಬರಿನಲ್ಲಿ ಸೋವಿಯತ್ ರಷ್ಯವು ಸ್ಪುಟ್ನಿಕ್ ಎಂಬ ಕೃತಕ ಉಪಗ್ರಹವನ್ನು ಹಾರಿಸಿತು. ತಾವು ವಿಜ್ಞಾನದಲ್ಲಿ ಹಿಂದಾದೆವೆಂಬ ಭೀತಿಯು ಅಮೆರಿಕದವರನ್ನು ಆವರಿಸಿತು. ೧೯೫೮ರಲ್ಲಿ ಆದ ಕಾನೂನಿನ ಮೂಲಕ ಶಿಕ್ಷಣಕ್ಕೆ ಅಪಾರ ಧನವು ಹರಿಯಿತಾದರೂ, ಪಾಠ್ಯಕ್ರಮವನ್ನು ವಿಶ್ವವಿದ್ಯಾನಿಲಯದ ತಜ್ಞರು ರಚಿಸಿ ಶಾಲೆಗಳಿಗೆ ಕಳುಹಿಸುವ ಕ್ರಮವೇ ಪ್ರಬಲವಾಯಿತು. ತಜ್ಞನು ಕರ್ತೃ, ಉಪಾಧ್ಯಾಯನು ವಾಹಕ. ಈ ವಿಭಾಗದಲ್ಲಿ ಕೋರಿಯವರ ಮಾರ್ಗವು ಅಮೆರಿಕದಲ್ಲಿ ಬಹುಮಟ್ಟಿಗೆ ಮರೆಯಾಯಿತು.

ಮರೆಯಾದ ಮಾರ್ಗವು ಮತ್ತೆ ಕಾಣಿಸಿಕೊಂಡುದು ಇಂಗ್ಲೆಂಡಿನಲ್ಲಿ. ಅಲ್ಲಿ ಕಡ್ಡಾಯ ಶಿಕ್ಷಣದ ವಯಸ್ಸನ್ನು ೧೬ಕ್ಕೆ ಏರಿಸಲು ನಿಶ್ಚಯವಾಗಿದ್ದಿತು. ಓದಿನಲ್ಲಿ ಅಷ್ಟಾಗಿ ಆಸಕ್ತಿಯಿಲ್ಲದ ತರುಣತರುಣಿಯರಿಗೆ ಏನನ್ನು ಹೇಗೆ ಕಲಿಸಬೇಕೆಂಬ ಚಿಂತೆಯುಂಟಾಯಿತು. ೧೯೬೭ರಲ್ಲಿ ಮಾನವಿಕ ಪಾಠ್ಯಕ್ರಮದ ಯೋಜನೆಯೊಂದು ಆರಂಭವಾಗಿ ಅದರ ಭಾರವು ಲಾರೆನ್ಸ್ ಸ್ಟೆನ್‌ಹೌಸ್ ಎಂಬವರ ಮೇಲೆ ಬಿದ್ದಿತು. ಯುದ್ಧ, ಬಡತನ, ಕುಟುಂಬ ಮೊದಲಾದ ವಿವಾದಾಸ್ಪದ ವಿಷಯಗಳನ್ನು ವಿದ್ಯಾರ್ಥಿಗಳು ಪ್ರಮಾಣಗಳನ್ನು ಮುಂದಿಟ್ಟುಕೊಂಡು ಚರ್ಚಿಸಬೇಕು. ಉಪಾಧ್ಯಾಯನು ತನ್ನ ಮತವನ್ನು ಹೇರದೆ ತಟಸ್ಥನಾದ ಅಧ್ಯಕ್ಷನಂತಿರಬೇಕು ಎಂಬುದು ಅದರ ನಿಯಮ. ಉಪಾಧ್ಯಾಯರು ತಮ್ಮ ತರಗತಿಗಳ ಚರ್ಚೆಯನ್ನು ಧ್ವನಿಮುದ್ರಣ ಮಾಡಿಕೊಂಡು ಕೇಳಿದಾಗಲೇ, ತಾಟಸ್ಥ್ಯವು ಎಷ್ಟು ಕಠಿನವಾದ ವ್ರತವೆಂಬುದು ಅವರಿಗೆ ಗೋಚರವಾಯಿತು. ೧೯೭೦ರಲ್ಲಿ ನಾರಿಚ್ ನಗರದ ಈಸ್ಟ್ ಆಂಗ್ಲಿಯ ವಿಶ್ವವಿದ್ಯಾನಿಲಯದಲ್ಲಿ ಇದಕ್ಕಾಗಿ ಒಂದು ಸಂಶೋಧನಕೇಂದ್ರವು ಸ್ಥಾಪಿತವಾಯಿತು. ೧೯೭೫ರ ತಮ್ಮ ಗ್ರಂಥದಲ್ಲಿ ಸ್ಟೆನ್‌ಹೌಸರು, ಪಾಠ್ಯಕ್ರಮವೆಂಬುದು ಆಜ್ಞೆಯಲ್ಲ, ಪ್ರತಿಯೊಂದು ತರಗತಿಯಲ್ಲಿಯೂ ಪರೀಕ್ಷಿಸಬೇಕಾದ ಊಹೆಯೆಂದು ಸಾಧಿಸಿದರು. ಕ್ರಮಬದ್ಧವಾಗಿ ನಡೆದು ಸರ್ವರ ಮುಂದೆ ಪ್ರಕಟವಾದ ಜಿಜ್ಞಾಸೆಯೇ ಸಂಶೋಧನೆಯೆಂಬುದು ಅವರು ಕೊಟ್ಟ ಲಕ್ಷಣದ ತಾತ್ಪರ್ಯ.

ಅವರ ಸಹೋದ್ಯೋಗಿಗಳಾಗಿದ್ದ ಜಾನ್ ಎಲಿಯಟ್ಟರು ಕ್ಲೆಮ್ ಎಡಲ್ಮನ್ನರೊಡನೆ ೧೯೭೩ರಿಂದ ೧೯೭೫ರ ವರೆಗೆ ನಡೆಸಿದ ಫೋರ್ಡ್ ಬೋಧನಾಯೋಜನೆಯಲ್ಲಿ ಈ ಲಕ್ಷಣವು ಕಾರ್ಯರೂಪಕ್ಕೆ ಬಂದಿತು. ಒಂದೇ ಪಾಠವನ್ನು ಉಪಾಧ್ಯಾಯನ ದೃಷ್ಟಿಯಿಂದಲೂ ವಿದ್ಯಾರ್ಥಿಗಳ ದೃಷ್ಟಿಯಿಂದಲೂ ಹೊರಗಿನ ವೀಕ್ಷಕನ ದೃಷ್ಟಿಯಿಂದಲೂ ವರ್ಣಿಸಿ, ಮೂರನ್ನೂ ಹೋಲಿಸಿ ನೋಡುವುದು ಅವರ ಕ್ರಮ. ಅದರಿಂದ ದೊರೆತ ಒಂದು ಊಹೆಯು ಬಹು ಸ್ವಾರಸ್ಯವಾದದ್ದು. ಚರ್ಚೆಯ ಮಧ್ಯದಲ್ಲಿ ಉಪಾಧ್ಯಾಯನು ‘ಎಲ್ಲರೂ ಒಪ್ಪುವಿರಷ್ಟೆ?’ ಎಂದು ಕೇಳಿದರೆ, ಭಿನ್ನಾಭಿಪ್ರಾಯವುಳ್ಳ ಹುಡುಗನು ಬಾಯಿ ಮುಚ್ಚಿಕೊಳ್ಳುವನು. ಸಮ್ಮತಿಯನ್ನು ಕೇಳುತ್ತಿರುವೆನೆಂದು ಉಪಾಧ್ಯಾಯನ ಭಾವನೆ. ಮೌನವನ್ನು ವಿಧಿಸುತ್ತಿರುವನೆಂದು ವಿದ್ಯಾರ್ಥಿಯ ಗ್ರಹಿಕೆ. ಇದನ್ನು ಒಳಗಿನಿಂದ ಹುಡುಕಬಲ್ಲವನು ಉಪಾಧ್ಯಾಯನೊಬ್ಬನೇ. ಆದರೆ ಪರರ ಕಣ್ಣಿಲ್ಲದೆ ಅವನಿಗೂ ಇದು ಕಾಣದು.

ಈಗ ಪೂರ್ವಪಕ್ಷವನ್ನು ವಿಮರ್ಶಿಸೋಣ. ಒಂದು ತರಗತಿಯ ಫಲದಿಂದ ಸಾಮಾನ್ಯನಿಯಮವು ಸಿದ್ಧಿಸದೆಂಬ ಆಕ್ಷೇಪವು ನಮ್ಮ ನ್ಯಾಯಶಾಸ್ತ್ರವನ್ನು ಓದಿದವರಿಗೆ ಹೊಸದಲ್ಲ. ಅಡಿಗೆಯ ಮನೆಯೊಂದರಲ್ಲಿ ಹೊಗೆಬೆಂಕಿಗಳನ್ನು ಒಟ್ಟಿಗೆ ಕಂಡ ಮಾತ್ರಕ್ಕೆ ವ್ಯಾಪ್ತಿಯು ಹೇಗೆ ನಿಶ್ಚಿತವಾಗುವುದು? ಭೂಯೋದರ್ಶನದಿಂದ, ಅಂದರೆ ಮರಳಿಮರಳಿ ಕಾಣುವುದರಿಂದ ಎಂದು ಕೆಲವು ಪ್ರಾಚೀನರು ಹೇಳುವರು. ಗಂಗೇಶೋಪಾಧ್ಯಾಯರಾದರೋ ಎಣಿಕೆಯ ಬಾಹುಳ್ಯವನ್ನೇ ನಿರ್ಣಾಯಕವೆಂದು ಒಪ್ಪದೆ, ವ್ಯಭಿಚಾರಜ್ಞಾನವಿಲ್ಲದಿರುವುದರೊಡನೆ ಕೂಡಿದ ಸಹಚಾರದರ್ಶನವೇ ವ್ಯಾಪ್ತಿಗ್ರಾಹಕವೆನ್ನುವರು. ಪ್ರಕೃತಕ್ಕೆ ಇದನ್ನು ಅನ್ವಯಿಸಿದರೆ, ಒಬ್ಬ ಉಪಾಧ್ಯಾಯನ ಪ್ರಯೋಗವು ಸಹಚಾರದರ್ಶನ ಮಾತ್ರ. ಅದು ಎಲ್ಲಿ ತಪ್ಪುವುದೆಂಬುದನ್ನು ತೋರಿಸಬಲ್ಲವನು ಇನ್ನೊಂದು ಊರಿನ, ಇನ್ನೊಂದು ಶಾಲೆಯ ಉಪಾಧ್ಯಾಯನು. ಅವನು ತೋರಿಸಬೇಕಾದರೆ ಮೊದಲನೆಯವನು ತಾನು ಮಾಡಿದುದನ್ನು ಬರೆದು ಅವನ ಮುಂದಿಡಬೇಕು. ಬರೆಯದ ಪ್ರಯೋಗಕ್ಕೆ ವ್ಯಭಿಚಾರವನ್ನು ತೋರಿಸುವವರಿಲ್ಲ. ಆದುದರಿಂದ ಅದಕ್ಕೆ ಸಿದ್ಧಾಂತವಾಗುವ ಯೋಗ್ಯತೆಯೂ ಇಲ್ಲ. ಗ್ರಂಥಮಾತ್ರವು ಸಾಲದೆಂದ ಲೆವಿನ್ನರ ಮಾತು ನಿಜ; ಗ್ರಂಥಸ್ಥವಾಗದ ಕ್ರಿಯೆಯೂ ಸಾಲದೆಂಬುದು ಅಷ್ಟೇ ನಿಜ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ವೈದ್ಯನು ವೈದ್ಯನೊಡನೆ ಸಂಭಾಷಿಸಬೇಕೆಂದು ವಿಧಿಸಿ, ಸ್ನೇಹದಿಂದ ನಡೆಯುವ ಸಂಧಾಯಸಂಭಾಷೆಯನ್ನೂ ಜಯಾಪೇಕ್ಷೆಯಿಂದ ನಡೆಯುವ ವಿಗೃಹ್ಯಸಂಭಾಷೆಯನ್ನೂ ಬೇರ್ಪಡಿಸಿರುವುದು ವಿದ್ವಜ್ಜನರಿಗೆ ವಿದಿತವೇ. ಉಪಾಧ್ಯಾಯರಿಗೆ ಬೇಕಾದದ್ದು ಮೊದಲನೆಯದು.

ಭರತಖಂಡದಲ್ಲಿ ಇಂತಹ ಸಂಭಾಷೆಗೆ ಉತ್ತಮವಾದ ನಿದರ್ಶನವು ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯದು. ಆ ಜಿಲ್ಲೆಗೆ ಈಗ ನರ್ಮದಾಪುರವೆಂದು ಹೆಸರು. ೧೯೭೨ರಲ್ಲಿ ಕಿಶೋರ ಭಾರತಿ ಮತ್ತು ರಸೂಲಿಯದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಸಂಸ್ಥೆಗಳು ಸರ್ಕಾರದ ಅನುಮತಿಯಿಂದ ೧೬ ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನಬೋಧನೆಯ ಹೊಸ ಕ್ರಮವೊಂದನ್ನು ಆರಂಭಿಸಿದುವು. ಮಕ್ಕಳು ಪ್ರಯೋಗವನ್ನು ತಾವೇ ಮಾಡಿ, ಕಂಡುದನ್ನು ಬರೆದು, ಚರ್ಚಿಸಿ ನಿರ್ಣಯಕ್ಕೆ ಬರುವುದು ಅದರ ಜೀವಾಳ. ೧೯೭೮ರಲ್ಲಿ ಅದು ಜಿಲ್ಲೆಯಲ್ಲೆಲ್ಲ ವ್ಯಾಪಿಸಿತು. ೧೯೮೨ರಲ್ಲಿ ಏಕಲವ್ಯವೆಂಬ ಸಂಸ್ಥೆಯು ಅದರ ನಿರ್ವಹಣೆಗಾಗಿ ಹುಟ್ಟಿತು. ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು ಅದರಲ್ಲಿ ಸೇರಿದ್ದರೂ, ಉಪಾಧ್ಯಾಯರು ತಿಂಗಳಿಗೊಮ್ಮೆ ಗೋಷ್ಠಿಯಲ್ಲಿ ಕಲೆತು, ಯಾವ ಪ್ರಯೋಗವು ತರಗತಿಯಲ್ಲಿ ಕೆಟ್ಟಿತು, ಯಾವ ಪ್ರಶ್ನೆಯು ಮಕ್ಕಳಿಗೆ ತಿಳಿಯಲಿಲ್ಲ ಎಂಬುದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದುದೇ ಅದರ ವಿಶೇಷ. ಹೀಗೆ ಬಂದ ವರದಿಗಳಿಂದ ‘ಬಾಲವೈಜ್ಞಾನಿಕ’ವೆಂಬ ಪಾಠ್ಯಪುಸ್ತಕವು ತಿದ್ದುಪಾಟಾಗುತ್ತಿದ್ದಿತು. ಕೆಟ್ಟ ಪ್ರಯೋಗವು ಅಲ್ಲಿ ಉಪಾಧ್ಯಾಯನ ಅಪರಾಧವಲ್ಲ, ಪುಸ್ತಕವನ್ನು ತಿದ್ದುವುದಕ್ಕೆ ಒದಗಿದ ಪ್ರಮಾಣ. ಮೂವತ್ತು ವರ್ಷ ನಡೆದ ಈ ಕಾರ್ಯವನ್ನು ರಾಜ್ಯಸರ್ಕಾರವು ೨೦೦೨ರಲ್ಲಿ ನಿಲ್ಲಿಸಿತು.

ಈ ಇತಿಹಾಸದಿಂದ ಹೊರಡುವ ನಿರ್ಣಯವು ಇಷ್ಟು: ಕ್ರಿಯಾಸಂಶೋಧನೆಗೆ ಪ್ರಾಣಭೂತವಾದದ್ದು ಅದರ ಸೋಪಾನಗಳ ಸಂಖ್ಯೆಯಲ್ಲ, ಪ್ರಯೋಗಕ್ಕೆ ಮುಂಚಿನ ಮತ್ತು ಅನಂತರದ ಅಂಕಗಳ ಕೋಷ್ಟಕವೂ ಅಲ್ಲ, ತಾನು ಮಾಡಿದುದನ್ನು, ತಪ್ಪಿದ ಸ್ಥಳವನ್ನೂ ಬಿಡದೆ, ಸಮಾನಧರ್ಮಿಗಳ ಮುಂದಿಟ್ಟು ಅವರ ಪರೀಕ್ಷೆಗೆ ಒಪ್ಪಿಸುವುದೇ. ಈ ದೃಷ್ಟಿಯಿಂದ ನಮ್ಮ ರೂಢಿಯನ್ನು ನೋಡಿದರೆ ವಿಷಾದಕ್ಕೆ ಕಾರಣವುಂಟು. ಪ್ರಶಿಕ್ಷಣದ ನಿಯಮಕ್ಕಾಗಿ ಬರೆದ ವರದಿಯಲ್ಲಿ ಪ್ರಯೋಗವು ಸಫಲವಾಗಿಯೇ ಮುಗಿಯುವುದು. ವಿಫಲವಾಯಿತೆಂದು ಬರೆದರೆ ಅಂಕಗಳಿಗೆ ಕುಂದೆಂಬ ಅಂಜಿಕೆ. ಪರೀಕ್ಷಕನು ಅಂಕವನ್ನು ಹಾಕಿದ ಬಳಿಕ ಅದು ಬೀರುವಿನೊಳಗೆ ಸೇರುವುದು. ನೆರೆಯ ಶಾಲೆಯ ಉಪಾಧ್ಯಾಯನು ಅದನ್ನು ಓದಲಾರನು, ಆದುದರಿಂದ ಖಂಡಿಸಲೂ ಆರನು. ಖಂಡಿಸುವವರಿಲ್ಲದ ವಾದದಿಂದ ತತ್ತ್ವವು ನಿರ್ಣಯವಾಗುವುದುಂಟೆ?

ಇದರಿಂದ ಹಾನಿಯು ಶಾಸ್ತ್ರಕ್ಕೆ ಮಾತ್ರವಲ್ಲ. ನಿತ್ಯವೂ ಮಕ್ಕಳ ಮುಖವನ್ನು ನೋಡಿ ಪಾಠಹೇಳುವವನಿಗೆ ಪಾಠದ ವಿಷಯದಲ್ಲಿ ಮಾತನಾಡುವ ಅಧಿಕಾರವಿಲ್ಲವೆಂಬ ಭಾವನೆಯು ಇದರಿಂದ ಬಲವಾಗುವುದು. ಸ್ಪುಟ್ನಿಕ್ಕಿನ ಕಾಲದ ಅಮೆರಿಕದಂತೆ ಅವನು ವಾಹಕನಾಗಿಯೇ ಉಳಿಯುವನು. ಭಾಷಾಬೋಧಕರಾದ ನಮಗೂ ಇದು ಅನ್ವಯಿಸುವುದು. ಹಳಗನ್ನಡದ ಒಂದು ಪದ್ಯವನ್ನು ಅನ್ವಯಕ್ರಮದಿಂದ ಮೊದಲು ಬಿಡಿಸಬೇಕೆ, ಗಟ್ಟಿಯಾಗಿ ಓದಿಸಿ ಕಿವಿಗೆ ಒಗ್ಗಿಸಬೇಕೆ ಎಂಬ ಪ್ರಶ್ನೆಗೆ ಹೊರಗಿನ ತಜ್ಞನು ಉತ್ತರವನ್ನು ಕಳುಹಿಸಲಾರನು. ಅದನ್ನು ತರಗತಿಯಲ್ಲಿ ಪರೀಕ್ಷಿಸಿ, ಯಾವ ಪದ್ಯದಲ್ಲಿ ಯಾವ ಕ್ರಮವು ಸೋತಿತೆಂಬುದನ್ನು ಸಹಿತ ಬರೆದಿಡುವುದು ನಮ್ಮ ಕೆಲಸ. ಅಂತಹ ಬರೆಹಗಳು ಉಪಾಧ್ಯಾಯರ ಕೈಯಿಂದ ಕೈಗೆ ಸಂಚರಿಸಿ ಖಂಡನಮಂಡನಗಳಿಗೆ ಗುರಿಯಾಗುವಂತೆ ಏರ್ಪಾಡು ಮಾಡುವ ವಿಷಯವನ್ನು ವಿದ್ವಾಂಸರೂ ಸಾಹಿತ್ಯೋಪಾಧ್ಯಾಯರೂ ಆಲೋಚಿಸಬೇಕೆಂದು ಪ್ರಾರ್ಥನೆ.